ಎಡಬಾಗಿಲಿನ ಕಾಗದ

ಅಪ್ಪ ಪೆಟ್ಟಿಗೆಯ ಮುಚ್ಚಳದ ಸುತ್ತ ಹೆಬ್ಬೆರಳಿನ ಉಗುರು ಎಳೆಯುತ್ತಾ ಬಂದು ಎಡಮೂಲೆಯಲ್ಲಿ ನಿಂತ.

"ಇಲ್ಲಿ ಎರಡು ಮಿಲಿ ಜಾಸ್ತಿ ಬಿಟ್ಟಿದೀಯಲ್ಲಯ್ಯ," ಎಂದ ಬಡಗಿಗೆ. "ಆ ಕಡೆ ಕೂದಲು ಹೋಗಲ್ಲ, ಈ ಕಡೆ ಬೆರಳೇ ಹೋಗುತ್ತೆ."

ಬಡಗಿ ಸುತ್ತ ನಿಂತವರ ಮುಖ ನೋಡಿದ. ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ಪೆಟ್ಟಿಗೆ ಇಳಿಸಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. "ಯಜಮಾನ್ರೆ, ಮಣ್ಣಿಗೆ ಹೋಗೋ ಪೆಟ್ಟಿಗೆ ಇದು. ಯಾರು ನೋಡ್ತಾರೆ?"

"ನಾನು ನೋಡಿದೆನಲ್ಲ. ಕೀಸುಳಿ ತಂದಿದೀಯಾ? ಕೊಡು ಇಲ್ಲಿ."

"ಅಯ್ಯೋ, ಕೊಡಯ್ಯ," ಎಂದ ಪಕ್ಕದಲ್ಲಿದ್ದ ಪೇಂಟರ್. ಬಸ್ ಡಿಪೋದಲ್ಲಿ ಅಪ್ಪನ ಜೊತೆ ಇಪ್ಪತ್ತಾರು ವರ್ಷ ಬಸ್ಸಿಗೆ ಬಣ್ಣ ಹೊಡೆದವನು ಅವನು. "ಇವನು ಟಿಂಕರ್, ತಗಡು ತಟ್ಟೋನು. ಸಂದು ನೋಡ್ದೆ ಹೋದ್ರೆ ಇವತ್ತು ಊಟ ಸೇರಲ್ಲ ಇವನಿಗೆ."

ಬಡಗಿ ಕೀಸುಳಿ ಕೊಟ್ಟ. ಅಪ್ಪ ಮುಚ್ಚಳದ ಅಂಚನ್ನು ಹೆರೆಯಲು ಶುರು ಮಾಡಿದ. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ, ಅದನ್ನು ನೋಡಿ ಹಣೆ ಚಚ್ಚಿಕೊಂಡಳು. "ಇವತ್ತಾದ್ರೂ ಬುದ್ಧಿ ಬೇಡವಾ ಈ ಮನುಷ್ಯನಿಗೆ! ಒಳಗೆ ಹೆಂಡತಿ ಮಲಗಿದಾಳೆ, ಇಲ್ಲಿ ಮರಗೆಲಸ ಮಾಡ್ತಾ ನಿಂತಿದಾರೆ."

ಚಿಕ್ಕಮ್ಮನ ಪಕ್ಕದಲ್ಲೇ ಮಗಳು ನಿಂತಿದ್ದಳು. ಬೆಳಿಗ್ಗೆ ತನ್ನ ಮನೆಯಿಂದ ಬಂದಾಗಿನಿಂದ ಹೆಗಲ ಚೀಲವನ್ನು ಅವಳು ಕೆಳಗಿಟ್ಟಿರಲಿಲ್ಲ. ಇಬ್ಬರು ಮೂವರು "ಇಳಿಸಮ್ಮ ಅದನ್ನ" ಅಂದರು. ಇಳಿಸಲಿಲ್ಲ. ಚೀಲದ ಒಳಗಿನ ಜಿಪ್ಪಿನಲ್ಲಿ ಎಂಟು ಮಡಿಕೆಯಾಗಿ ಮಡಿಸಿದ ಕಂದುಬಣ್ಣದ ಕಾಗದ ಒಂದಿತ್ತು. ಅಪ್ಪ ಹದಿನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ಕೈಯಾರೆ ಕಟ್ಟುತ್ತಿದ್ದ ಕಾರಿನ ಎಡಬಾಗಿಲಿಗೆ ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಕತ್ತರಿಸಿದ್ದ ಅಳತೆ ಕಾಗದ ಅದು. "ನಿಮ್ಮಪ್ಪನಿಗೆ ಕೊಡು" ಎಂದು ಕೊಟ್ಟಿದ್ದಳು. ಮಗಳು ಕೊಟ್ಟಿರಲಿಲ್ಲ.

ಹನ್ನೆರಡಕ್ಕೆ ಗಾಡಿ ಬರುತ್ತದೆ. ಅಷ್ಟರೊಳಗೆ, ಅಮ್ಮನ ಮುಖ ಮುಚ್ಚುವ ಮೊದಲು, ಅಪ್ಪನಿಗೆ ಹೇಳಿಬಿಡಬೇಕು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇದನ್ನೇ ಅಂದುಕೊಂಡು ಬಂದಿದ್ದಳು.

*

ಕಾರು ಶುರುವಾದದ್ದು ಒಂದು ಚಿತ್ರದಿಂದ. ಡಿಪೋಗೆ ರದ್ದಿಯಲ್ಲಿ ಬಂದ ಪತ್ರಿಕೆಯೊಂದರಲ್ಲಿ ತಗ್ಗು ಛಾವಣಿಯ, ಉದ್ದ ಮೂತಿಯ, ಇಂಜಿನ್ ಹೊರಗೆ ಕಾಣುವ ಕಾರಿತ್ತು. ಹಾಟ್ ರಾಡ್ ಅನ್ನುತ್ತಾರೆ ಇದಕ್ಕೆ, ಮನೆಯಲ್ಲೇ ಕಟ್ಟಿಕೊಳ್ಳುತ್ತಾರಂತೆ ಎಂದು ಅಪ್ಪ ಆ ಹಾಳೆ ಹರಿದು ತಂದ. ಗುಜರಿಯಿಂದ ಹಳೆಯ ಚಾಸಿ ಬಂತು, ಇನ್ಯಾವುದೋ ಗಾಡಿಯ ಇಂಜಿನ್ ಬಂತು, ಮೂತಿ ಇಲ್ಲದ ಒಂದು ಬಾಡಿ ಬಂತು. ಛಾವಣಿಯನ್ನು ನಾಲ್ಕು ಇಂಚು ಕತ್ತರಿಸಿ ತಗ್ಗಿಸಿ ಮತ್ತೆ ವೆಲ್ಡಿಂಗ್ ಮಾಡಿದ. ಆಮೇಲೆ ಹಳೆಯ ತಗಡು ಯಾವುದೂ ಯಾವುದಕ್ಕೂ ಕೂಡಲಿಲ್ಲ. ಬಾನೆಟ್ಟು, ಬಾಗಿಲು, ಹಿಂಬದಿ ಎಲ್ಲವನ್ನೂ ಹೊಸ ತಗಡಿನಲ್ಲಿ ತಟ್ಟಬೇಕಾಯಿತು.

ಬಸ್ಸಿನ ಮೈ ಚಪ್ಪಟೆ. ಅಪ್ಪನ ಕೈ ಪಳಗಿದ್ದು ಚಪ್ಪಟೆ ತಗಡಿಗೆ. ಈ ಕಾರಿನ ಮೈಯೋ, ಎಲ್ಲಿ ಮುಟ್ಟಿದರೂ ಉಬ್ಬು, ಎಲ್ಲಿ ಮುಟ್ಟಿದರೂ ತಗ್ಗು. ಹಳೇ ಪೇಪರ್ ಅಂಟಿಸಿ ಅಳತೆ ತೆಗೆಯಲು ಹೋಗಿ ಅವನು ಹರಿದು ಬಿಸಾಡುತ್ತಿದ್ದುದನ್ನು, ಮನೆಯಲ್ಲೇ ಊರಿನವರ ಬಟ್ಟೆ ಹೊಲಿಯುತ್ತಿದ್ದ ಅಮ್ಮ ಒಂದು ವಾರ ನೋಡಿದಳು.

"ಸರೀರಿ ಆ ಕಡೆ," ಎಂದಳು ಕೊನೆಗೆ. "ಉಬ್ಬಿನ ಮೇಲೆ ಕಾಗದ ಹಾಗೆ ಎಳೆದ್ರೆ ಕೂರುತ್ತಾ? ರವಿಕೆಗೆ ಹೇಗೆ ಬಟ್ಟೆ ಮಡಿಸಿ ಟಕ್ಸ್ ಹಿಡೀತೀವಿ, ಹಾಗೆ ಹಿಡೀಬೇಕು."

ಕಾಗದದಲ್ಲಿ ಅವಳು ಟಕ್ಸ್ ಹಿಡಿದ ಕಡೆ ತಗಡನ್ನು ಕುಗ್ಗಿಸಬೇಕು, ಕತ್ತರಿಯಲ್ಲಿ ಸೀಳಿ ಬಿಟ್ಟ ಕಡೆ ತಟ್ಟಿ ಹಿಗ್ಗಿಸಬೇಕು. ಇದನ್ನು ನೋಡಿದ ಕೂಡಲೇ ಅಪ್ಪನಿಗೆ ಅರ್ಥವಾಯಿತು. ಖುಷಿಯಲ್ಲಿ ಅವಳ ಕಾಗದವನ್ನು ತಗಡಿನ ಮೇಲಿಟ್ಟು, ಗೆರೆ ಹೊಡೆದು, ಕತ್ತರಿಸಿ, ಹನ್ನೊಂದು ದಿನ ತಟ್ಟಿದ. ಹನ್ನೆರಡನೇ ದಿನ ಬಾನೆಟ್ಟು ತಂದು ಕೂರಿಸಿದರೆ ಸುತ್ತಲೂ ಅರ್ಧ ಇಂಚು ದೊಡ್ಡದು.

"ಹೊಲಿಗೆಗೆ ಬಿಡಬೇಕಲ್ರೀ ಅರ್ಧ ಇಂಚು!" ಎಂದಳು ಅಮ್ಮ, ತಪ್ಪೆಲ್ಲ ಅವನದೇ ಎಂಬಂತೆ.

"ತಗಡಿಗೆ ಯಾರೇ ಹೊಲಿಗೆ ಹಾಕ್ತಾರೆ?"

"ನೀವು ಹೇಳ್ಬೇಕಿತ್ತು."

"ನೀನು ಕೇಳ್ಬೇಕಿತ್ತು."

ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತು ಜಗಳ ಎಲ್ಲಿಗೆ ಹೋಗುತ್ತದೋ ಎಂದು ನೋಡುತ್ತಿದ್ದಳು. ಇಬ್ಬರೂ ನಗಲು ಶುರು ಮಾಡಿದರು. ಅಮ್ಮ ನಗುತ್ತಾ ನಗುತ್ತಾ ಹೊಟ್ಟೆ ಹಿಡಿದು ನೆಲದ ಮೇಲೆ ಕೂತೇಬಿಟ್ಟಳು. ಮಾರನೇ ದಿನ ಪೇಂಟರ್ ಈ ಕತೆಯನ್ನು ಡಿಪೋಗೆಲ್ಲ ಹಂಚಿದ. ಅವತ್ತಿನಿಂದ ಅಲ್ಲಿ ಅವಳಿಗೆ ಅರ್ಧ ಇಂಚಮ್ಮ ಎಂದೇ ಹೆಸರು.

ಅಲ್ಲಿಂದಾಚೆ ಕಾರಿನ ಕಾಗದಗಳ ಮೂಲೆಯಲ್ಲಿ ಅವಳು "ಹೊಲಿಗೆ ಬಿಟ್ಟಿಲ್ಲ" ಎಂದು ಬರೆಯುತ್ತಿದ್ದಳು. ಗಿರಾಕಿಗಳ ಅಳತೆ ಪುಸ್ತಕದಲ್ಲಿ ಕಾರಿಗೂ ಒಂದು ಪುಟ ಕೊಟ್ಟಳು. ಅಂಗಡಿಯವನ ಹೆಂಡತಿಯ ಸೊಂಟದಳತೆ ಒಂದು ಪುಟದಲ್ಲಿ, ಕಾರಿನ ಸೊಂಟದಳತೆ ಎದುರಿನ ಪುಟದಲ್ಲಿ.

ಇಬ್ಬರ ನಡುವೆ ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಕೆಲಸ ಹಿಡಿದವರನ್ನು "ಆಯಿತಾ?" ಎಂದು ಕೇಳುವಂತಿಲ್ಲ. "ಆಯ್ತಾ, ಆಯ್ತಾ" ಎಂದು ಪ್ರಾಣ ತಿನ್ನುವ ಗಿರಾಕಿಗಳು ಅಮ್ಮನಿಗೆ ಸಾಕಾಗಿದ್ದರು, ಡಿಪೋದ ಸೂಪರ್‌ವೈಸರ್ ಅಪ್ಪನಿಗೆ ಸಾಕಾಗಿದ್ದ. ಹಾಗಾಗಿ ಹದಿನಾಲ್ಕು ವರ್ಷದಲ್ಲಿ ಕಾರು ಯಾವಾಗ ಮುಗಿಯುತ್ತದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕಾಗದ ಯಾವಾಗ ಸಿಗುತ್ತದೆ ಎಂದು ಅವನೂ ಕೇಳಲಿಲ್ಲ.

*

ಹನ್ನೊಂದು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಬಂದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅಮ್ಮ ಹೊಲಿದ ಬಟ್ಟೆಯನ್ನೇ ತೊಟ್ಟು ಬಂದಿದ್ದರು. ಒಳಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತಿ ಜಾಗ ಮಾಡಿ ಅವಳನ್ನು ಮಲಗಿಸಿದ್ದರು. ನೋಡಿ ಹೊರಬಂದವರೆಲ್ಲ ಕಣ್ಣೊರೆಸಿಕೊಂಡು ಶೆಡ್ಡಿನ ಕಡೆ ಒಮ್ಮೆ ತಿರುಗುತ್ತಿದ್ದರು. ಶೆಡ್ಡಿನ ಕದ ತೆರೆದೇ ಇತ್ತು. ಕಾರು ಎಡಮಗ್ಗುಲು ತೋರಿಸಿಕೊಂಡು ನಿಂತಿತ್ತು. ಬಾಗಿಲಿರಬೇಕಾದ ಕಡೆ ಬರೀ ಸೀಟು ಕಾಣುತ್ತಿತ್ತು. ಗೋಡೆಗೆ ಒರಗಿಸಿದ ಮೂರು ತಗಡುಗಳಲ್ಲಿ ಒಂದು ಮಧ್ಯದಲ್ಲಿ ಬಿರಿದಿತ್ತು, ಇನ್ನೆರಡು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು.

"ಅರ್ಧ ಇಂಚಮ್ಮ ಇರೋ ತನಕ ಗೊತ್ತಾಗ್ಲಿಲ್ಲ ನೋಡಿ," ಎಂದ ಪೇಂಟರ್ ಬೆಂಚಿನ ಮೇಲಿದ್ದವರಿಗೆ. "ಇವನು ಸುತ್ತಿಗೆ ಹಿಡೀತಾನೆ ಅಷ್ಟೇ. ಕಾರು ಕಟ್ಟಿದ್ದು ಅವಳು. ಬಣ್ಣ ಹೊಡೆಯೋಕೆ ನಂಗೆ ಹೇಳಿದ್ಲು, ಮಾಮೂಲಿ ಬಸ್ಸಿನ ಬಣ್ಣ ತರಬೇಡಿ ಅಂತ. ಡಬ್ಬ ತಂದಿಟ್ಟು ನಾಲ್ಕು ವರ್ಷ ಆಯ್ತು, ಒಣಗಿ ಕಲ್ಲಾಗಿದೆ."

ಒಬ್ಬಿಬ್ಬರು ಸಣ್ಣಗೆ ನಕ್ಕರು. ಚಿಕ್ಕಮ್ಮ ನಗಲಿಲ್ಲ. ನೀರಿನ ಲೋಟಗಳ ತಟ್ಟೆಯನ್ನು ಬೆಂಚಿನ ಮೇಲೆ ಕುಕ್ಕಿದಳು.

"ನಗಿ, ನಗಿ. ಫೋನಿನಲ್ಲಿ ನನ್ನ ಹತ್ರ ಏನಂದಿದ್ಲು ಗೊತ್ತಾ? 'ಬಾಗಿಲು ಕೂತ ದಿನ ಸೇತುವೆ ತನಕ ಹೋಗಿ ಬರ್ತೀವಿ ಕಣೆ, ಆಮೇಲೆ ಏನಾದ್ರೂ ಆಗ್ಲಿ' ಅಂದ್ಲು. ಏನು ಲೋಕ ಸುತ್ತಿಸು ಅಂತ ಕೇಳಿದ್ಲಾ? ಸೇತುವೆ! ನಡ್ಕೊಂಡು ಹೋದ್ರೆ ಕಾಲು ಗಂಟೆ."

ಮಗಳು ಅಪ್ಪನನ್ನು ಹುಡುಕಿದಳು. ಅವನು ಮನೆಯ ಹಿಂದೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಮರದ ಪುಡಿ ಅಂಟಿದ ಕೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದ.

"ಅಪ್ಪ."

"ಹ್ಞಾಂ. ಊಟ ಮಾಡಿದೆಯಾ ಏನಾದ್ರೂ? ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿದೀಯ."

"ಅಪ್ಪ, ನಿನ್ನ ಹತ್ರ ಒಂದು ಮಾತು."

"ಮೂರು ಶೀಟು ಹಾಳು ಮಾಡಿದೆ ಕಣೆ," ಎಂದ ಅಪ್ಪ, ಅವಳ ಮಾತು ಕೇಳಿಸದವನಂತೆ. "ಬಲಬಾಗಿಲಿನ ಕಾಗದ ಮಗುಚಿ ಹಾಕಿ ನೋಡಿದೆ. ಬರಲ್ಲ. ಆ ಚಾಸಿ ಎಡಗಡೆ ಪೆಟ್ಟು ತಿಂದಿದ್ದು, ಮುಕ್ಕಾಲು ಇಂಚು ಗಿಡ್ಡ. ಅವಳಿಗೆ ಗೊತ್ತಿತ್ತು. ಪಾಪ, ಕೈಯಲ್ಲಿ ಕತ್ತರಿ ಹಿಡಿಯೋ ಶಕ್ತಿ ಇರ್ಲಿಲ್ಲ. ಅಂಥವಳ ಹತ್ರ ಹೋಗಿ ಕಾಗದ ಕೊಡು ಅಂತ ಹೆಂಗೆ ಕೇಳೋದು? ನಾನೇ ಮಾಡ್ತೀನಿ ಅಂತ ಹೊರಟೆ. ಬಡ್ಕೊಂಡಿದ್ದೇ ಬಂತು."

ಮಗಳ ಕೈ ಚೀಲದ ಜಿಪ್ಪಿಗೆ ಹೋಯಿತು. ಈಗ ಹೇಳು, ಈಗ ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ಅಷ್ಟರಲ್ಲಿ ಯಾರೋ ಬಂದು, ದೂರದ ನೆಂಟರು ಬಂದಿದ್ದಾರೆ, ಬನ್ನಿ ಎಂದು ಅಪ್ಪನ ತೋಳು ಹಿಡಿದು ಕರೆದುಕೊಂಡು ಹೋದರು. ಅವಳಿಗೆ ಒಂದು ಕ್ಷಣ ಬದುಕಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

*

ಆಸ್ಪತ್ರೆಯಲ್ಲಿ ಅವತ್ತು ಅವಳು ಹಣ್ಣು ತೆಗೆದುಕೊಂಡು ವಾರ್ಡಿಗೆ ಹೋದಾಗ ಅಮ್ಮ ಎದ್ದು ಕೂತಿದ್ದಳು. ಊಟದ ಮಣೆಯ ಮೇಲೆ ಕಂದು ಕಾಗದ ಹರಡಿತ್ತು. ಒಂದು ಕೈಗೆ ಡ್ರಿಪ್ಪಿನ ನಳಿಗೆ, ಇನ್ನೊಂದು ಕೈಯಲ್ಲಿ ದಾದಿಯನ್ನು ಬೇಡಿ ಪಡೆದ ಕತ್ತರಿ. ಅಳತೆ ಪುಸ್ತಕ ದಿಂಬಿನ ಮೇಲೆ ತೆರೆದು ಬಿದ್ದಿತ್ತು. ಒಂದು ಗೇಣು ಕತ್ತರಿಸಿ ಕಣ್ಣು ಮುಚ್ಚಿ ಒರಗುತ್ತಿದ್ದಳು. ಮತ್ತೆ ಎದ್ದು ಒಂದು ಗೇಣು.

"ಏನಮ್ಮ ಇದು?"

"ಎಡಬಾಗಿಲು ಕಣೆ. ಮುಗೀತು. ಇದೊಂದು ನಿಮ್ಮಪ್ಪನಿಗೆ ಕೊಟ್ಟುಬಿಡು."

ಮಗಳಿಗೆ ರೇಗಿತು. ಹಗಲೆಲ್ಲ ಊರಿನವರ ಬಟ್ಟೆ, ಬಿಡುವಾದರೆ ಆ ಕಾರಿನ ಕಾಗದ. ಈಗ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತರೂ ಬಿಡಲಿಲ್ಲವಲ್ಲ ಆ ದರಿದ್ರ ತಗಡು! ಬಾಗಿಲು ಕೂತರೆ ಅಪ್ಪ ಸುಮ್ಮನಿರುವವನಲ್ಲ, ಹಾಸಿಗೆಯಿಂದ ಎಬ್ಬಿಸಿ ಕಾರಿನಲ್ಲಿ ಕೂರಿಸುತ್ತಾನೆ. ಗಾಜಿಲ್ಲ, ಮೆತ್ತೆ ಇಲ್ಲ, ಎಲುಬೆಲ್ಲ ಅಲ್ಲಾಡಿಸುವ ಗಾಡಿ. ಡಾಕ್ಟರು ಅವಳನ್ನು ಅಲುಗಾಡಿಸಬೇಡಿ ಎಂದಿದ್ದರು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಕೊಟ್ಟರಾಯಿತು. ಹೀಗೆಂದುಕೊಂಡು ಕಾಗದವನ್ನು ಮಡಿಸಿ ಮಡಿಸಿ ಚೀಲಕ್ಕೆ ತುರುಕಿದಳು. ಅಳತೆ ಕಾಗದವನ್ನು ಮಡಿಸಬಾರದು, ಸುರುಳಿ ಸುತ್ತಬೇಕು ಎಂದು ಹೊಲಿಯುವವಳ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮ ಅದನ್ನು ನೋಡಿದಳು.

ಅಮ್ಮನನ್ನು ಮನೆಗೆ ತಂದರು. ಚೇತರಿಸಿಕೊಳ್ಳಲಿಲ್ಲ. ಮಗಳು ರಜ ಹಾಕಿ ಮೂರು ವಾರ ಪಕ್ಕದಲ್ಲೇ ಇದ್ದಳು. ದಿನಾ ಸಾಯಂಕಾಲ, ಶೆಡ್ಡಿನಿಂದ ಸುತ್ತಿಗೆಯ ಸದ್ದು ನಿಂತ ಮೇಲೆ, ಅಮ್ಮ ಅವಳ ಕೈ ಮುಟ್ಟುತ್ತಿದ್ದಳು.

"ಕೊಟ್ಟೆ ತಾನೆ?"

"ಕೊಟ್ಟೆ ಕಣಮ್ಮ."

"ಕೂತಿತಾ ಬಾಗಿಲು?"

"ಕೂರಿಸ್ತಿದಾರೆ."

ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ತಾನಾಗಿ ಬರುತ್ತದೆ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಅಂದುಕೊಂಡಳು. ಕೊಟ್ಟರೆ ಇಷ್ಟು ದಿನ ಯಾಕೆ ಕೊಡಲಿಲ್ಲ ಅಂತ ಕೇಳುತ್ತಾನೆ. ಒಂದೊಂದು ದಿನ ಕಳೆದಂತೆ ಆ ಪ್ರಶ್ನೆ ದೊಡ್ಡದಾಗುತ್ತಾ ಹೋಯಿತು. ಅಪ್ಪ ಒಳಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಾಗ ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಕೇಳಬಾರದೆಂಬ ಕಟ್ಟುನಿಟ್ಟನ್ನು ಇಬ್ಬರೂ ಮುರಿಯಲಿಲ್ಲ.

ರಜದ ಕೊನೆಯ ವಾರ ಅಮ್ಮ ಕೇಳುವುದನ್ನು ಬಿಟ್ಟಳು. "ಅವರಿಗೆ ನನ್ನ ಕಾಗದ ಸರಿಹೋಗಲಿಲ್ಲವೇನೋ. ಕೈ ನಡುಗ್ತಿತ್ತು ನೋಡು," ಎಂದಳು ಒಂದು ಮಧ್ಯಾಹ್ನ. ಮಗಳು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆದರೂ ಚೀಲ ತೆರೆಯಲಿಲ್ಲ. ರಜ ಮುಗಿದು ತನ್ನ ಮನೆಗೆ ಮರಳಿದಾಗಲೂ ಕಾಗದ ಚೀಲದಲ್ಲೇ ಇತ್ತು; ಸಾವಿನ ಸುದ್ದಿ ಬಂದದ್ದು ಅಲ್ಲಿಗೇ.

*

ಗಾಡಿ ಬಂತು. ಅಮ್ಮನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಕೋಣೆಯ ನಡುವೆ ಇಟ್ಟರು. ಬಡಗಿ ಮುಚ್ಚಳ ಹಿಡಿದು ಕಾದ. ಕಡೆಯ ಸಲ ನೋಡುವವರು ನೋಡಿ ಎಂದು ಪೇಂಟರ್ ದಾರಿ ಬಿಡಿಸಿದ.

ಚಿಕ್ಕಮ್ಮ ಅಕ್ಕನ ಕೆನ್ನೆ ಸವರಿದಳು. ತಡೆದುಕೊಂಡದ್ದೆಲ್ಲ ಒಟ್ಟಿಗೇ ಒಡೆಯಿತು. ಅಪ್ಪನ ಕಡೆ ತಿರುಗಿದಳು.

"ನೋಡಿ ಭಾವ, ಚೆನ್ನಾಗಿ ನೋಡಿ. ನಲವತ್ತು ವರ್ಷ ನಿಮ್ಮ ಜೊತೆ ಬಾಳಿದ ಜೀವ. ಒಂದೇ ಒಂದು ಆಸೆ ಇಟ್ಕೊಂಡಿತ್ತು. ಒಂದು ಬಾಗಿಲು, ಬರೀ ಒಂದು ಬಾಗಿಲು ಕೂರಿಸೋಕೆ ಆಗ್ಲಿಲ್ವಲ್ಲ ನಿಮ್ಮ ಕೈಲಿ! ದಾರಿ ನೋಡಿ ನೋಡಿ ಹೋದ್ಲು."

"ಹೌದಮ್ಮ," ಎಂದ ಅಪ್ಪ. ತಲೆ ಎತ್ತಲಿಲ್ಲ. "ನನ್ನ ಕೈಲಿ ಆಗ್ಲಿಲ್ಲ."

"ಅಪ್ಪಂದಲ್ಲ ತಪ್ಪು," ಎಂದಳು ಮಗಳು.

ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಎಲ್ಲರೂ ತಿರುಗಿದರು. ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಎಳೆದಳು. ಕಾಗದ ಕೈಗೆ ಬಂತು.

"ಅಮ್ಮ ಎಡಬಾಗಿಲಿನ ಕಾಗದ ಮಾಡಿಕೊಟ್ಟಿದ್ಲು. ಆಸ್ಪತ್ರೇಲಿ. ನಿನಗೆ ಕೊಡು ಅಂದಿದ್ಲು. ನಾನು ಕೊಡ್ಲಿಲ್ಲ. ಕೊಟ್ಟೆ ಅಂತ ಅವಳಿಗೆ ಸುಳ್ಳು ಹೇಳಿದೆ."

ಅಪ್ಪ ಕಾಗದ ತೆಗೆದುಕೊಂಡು ಒಂದೊಂದೇ ಮಡಿಕೆ ಬಿಡಿಸಿದ. ಟಕ್ಸ್ ಹಿಡಿದ ಕಡೆ ಅಮ್ಮ ಒಂದೊಂದು ಹೊಲಿಗೆ ಹಾಕಿದ್ದಳು. ಮೂಲೆಯಲ್ಲಿ, ಸಾಲು ಇಳಿಜಾರಾಗಿ, "ಹೊಲಿಗೆ ಬಿಟ್ಟಿಲ್ಲ" ಎಂದು ಬರೆದಿತ್ತು. ಅವನ ಬೆರಳು ಕಾಗದದ ಅಂಚಿನಗುಂಟ ಹೋಯಿತು, ಬಾಗಿಲ ಕೀಲು ಕೂರುವ ಹಿಂಜಿನ ಜಾಗದಲ್ಲಿ ನಿಂತಿತು, ಮುಕ್ಕಾಲು ಇಂಚು ಗಿಡ್ಡ ಮಾಡಿದ ಕಡೆ ಬಂದು ನಿಂತೇಬಿಟ್ಟಿತು.

"ಕೇಳ್ತಿದ್ಲಾ?" ಎಂದ.

"ದಿನಾ ಕೇಳ್ತಿದ್ಲು. ಕೊನೇಗೆ, ಕಾಗದ ಸರಿಯಾಗಿಲ್ಲವೇನೋ ಅಂದ್ಲು."

"ಸರಿಯಾಗಿದೆಯಲ್ಲೇ!" ಅಪ್ಪ ಕೂಗಿದ. ಅವನು ಕೂಗಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಕೂದಲೆಳೆಯಷ್ಟೂ ತಪ್ಪಿಲ್ಲ. ಇದಿದ್ದಿದ್ರೆ ನಾಲ್ಕು ದಿನದ ಕೆಲಸ ಕಣೆ. ನಾಲ್ಕೇ ದಿನ!"

ಆಮೇಲೆ ಅವನು ಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿದ. ಸುತ್ತ ಜನವಿದ್ದಾರೆ ಎಂಬುದು ಅವನಿಗೆ ಮರೆತೇ ಹೋದಂತಿತ್ತು. ಹೆಂಡತಿಯ ಕಿವಿಯ ಹತ್ತಿರ ಬಾಗಿ, ಹೊಲಿಗೆ ಯಂತ್ರದ ಸದ್ದಿನ ನಡುವೆ ಮಾತಾಡುವಾಗ ಮಾಡುತ್ತಿದ್ದಂತೆ ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿದ. "ಕಾಗದ ನನ್ನ ಕೈಗೆ ಬಂದಿರ್ಲಿಲ್ಲ ಕಣೆ. ಈಗ ಬಂತು. ಬಂದಿದ್ರೆ ಮಾಡ್ದೆ ಇರ್ತಿದ್ನಾ? ಹೇಳು. ಮಾಡ್ದೆ ಇರ್ತಿದ್ನಾ?"

ಹೊರಗೆ ಡ್ರೈವರ್ ಒಮ್ಮೆ ಹಾರ್ನ್ ಹೊಡೆದು, ಯಾರೋ ಗದರಿದ್ದಕ್ಕೆ ಸುಮ್ಮನಾದ. ಪೇಂಟರ್ ಬಂದು ಅಪ್ಪನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಬಡಗಿ ಮುಚ್ಚಳ ಇಟ್ಟ. ಅದು ಸದ್ದೇ ಇಲ್ಲದೆ ಕೂತಿತು.

*

ಸ್ಮಶಾನಕ್ಕೆ ಹೋಗುವಾಗಲೂ ಬರುವಾಗಲೂ ಅಪ್ಪ ಪೇಂಟರ್ ಪಕ್ಕದಲ್ಲಿ ಕೂತ. ಮಗಳು ಹಿಂದಿನ ಗಾಡಿಯಲ್ಲಿ ಬಂದಳು. ಅವಳ ಪಕ್ಕದ ಸೀಟು ಖಾಲಿಯಾಗಿಯೇ ಉಳಿಯಿತು. ಮಣ್ಣು ಹಾಕುವಾಗ ಚಿಕ್ಕಮ್ಮ ಅವಳನ್ನು ಒಮ್ಮೆ ನೋಡಿ, "ಎಂಥಾ ಕೆಲಸ ಮಾಡಿಬಿಟ್ಟೆ ಮಗಳೇ," ಎಂದಳು. ಅದರಲ್ಲಿ ಬೈಗುಳ ಎಷ್ಟು, ಮರುಕ ಎಷ್ಟು ಎಂದು ತಿಳಿಯಲಿಲ್ಲ.

ಮೂರು ಗಂಟೆಗೆ ಜನ ಕರಗಿದರು. ಉಳಿದವರು ಒಳಗೆ ಚಹಾ ಕುಡಿಯುತ್ತಿದ್ದರು. ಮಗಳು ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. ಶೆಡ್ಡಿನಿಂದ ತಗಡು ಎಳೆದ ಸದ್ದು ಬಂತು. ಸ್ವಲ್ಪ ಹೊತ್ತು ಕಾದಳು, ಆಮೇಲೆ ಎದ್ದು ಹೋದಳು.

ಅಪ್ಪ ಒಳ್ಳೆಯ ಬಟ್ಟೆಯಲ್ಲೇ ನೆಲದ ಮೇಲೆ ಮಂಡಿಯೂರಿದ್ದ. ಹೊಸ ಶೀಟು ಹಾಸಿ ಮೇಲೆ ಕಾಗದ ಹರಡಿದ್ದ. ಕಾಗದ ಕೂರುತ್ತಿರಲಿಲ್ಲ. ಮೂವತ್ತೆಂಟು ದಿನ ಚೀಲದಲ್ಲಿದ್ದ ಮಡಿಕೆಗಳು ಅಲ್ಲಲ್ಲಿ ಏಳುತ್ತಿದ್ದವು. ಸುತ್ತಿಗೆ, ಪಾನಾ, ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿದ್ದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು.

"ಅಪ್ಪ, ನಾನು…"

"ಮಾತಾಡ್ಬೇಡ." ಅವನು ತಲೆ ಎತ್ತಲಿಲ್ಲ. "ನಿನ್ನ ಮುಖ ನೋಡೋಕೆ ಆಗ್ತಿಲ್ಲ ನನಗೆ. ಯಾವಾಗ ಆಗುತ್ತೋ ಗೊತ್ತಿಲ್ಲ." ಗೆರೆ ಹೊಡೆಯುವ ಮೊಳೆಯನ್ನು ಬೆರಳಲ್ಲಿ ತಿರುಗಿಸಿದ. "ಇದಕ್ಕೆ ಇನ್ನೆರಡು ಕೈ ಬೇಕು. ಮಡಿಕೆ ಇರೋ ಕಡೆ ಒತ್ತು."

ಅವಳು ಎದುರಿಗೆ ಮಂಡಿಯೂರಿ ಎರಡೂ ಅಂಗೈ ಅಗಲಿಸಿ ಒತ್ತಿದಳು. ತಗಡು ತಣ್ಣಗಿತ್ತು. ಅಪ್ಪ ಹಿಂಜಿನ ಮೂಲೆಯಿಂದ ಗೆರೆ ಶುರು ಮಾಡಿದ. ಮೊಳೆ ಕಿರ್ರೆನ್ನುತ್ತಾ ಕಾಗದದ ಅಂಚು ಹಿಡಿದು ಬಂತು, ಅವಳ ಕಿರುಬೆರಳು ಅಂಚಿನಾಚೆ ಚಾಚಿದ್ದ ಕಡೆ ಬಂದು ನಿಂತಿತು. ತೆಗಿ ಎಂದು ಅವನು ಹೇಳಲಿಲ್ಲ. ಕೈ ಎತ್ತಿದರೆ ಕಾಗದ ಏಳುತ್ತಿತ್ತು, ಅವಳೂ ಎತ್ತಲಿಲ್ಲ. ಅಪ್ಪ ಎಡಗೈಯಿಂದ ಆ ಬೆರಳನ್ನು ಹಿಡಿದು ಒಂದಿಷ್ಟು ಒಳಕ್ಕೆ ಸರಿಸಿದ, ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟು ಅದುಮಿ ಹಿಡಿದು, ಗೆರೆ ಮುಂದುವರಿಸಿದ.